ಗಣವಿಭಾಗವೂ ಯಂತ್ರದ ಮನೆಗಳೂ

ಶ್ರೀಮಠದ ವಿದ್ಯಾಸಂಸ್ಥೆಯ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಅವರು ನನ್ನಿಂದ ನಿರೀಕ್ಷಿಸಿದ್ದು ಷಟ್ಪದಿಯ ಲಕ್ಷಣವನ್ನೋ ಶರಣರ ವಚನಗಳ ಗದ್ಯಲಯವನ್ನೋ ಕುರಿತ ನಾಲ್ಕು ಮಾತುಗಳನ್ನು ಎಂಬುದನ್ನು ನಾನು ಬಲ್ಲೆ. ಆದರೆ ಈಚೆಗೆ ನನ್ನ ಮನಸ್ಸನ್ನು ಹಿಡಿದಿಟ್ಟುಕೊಂಡಿರುವ ವಿಷಯವೇ ಬೇರೆ. ಗಣಕಯಂತ್ರದ ಒಂದು ಭಾಗವು ಮತ್ತೊಂದು ಭಾಗಕ್ಕೆ ಅಪ್ಪಣೆಯನ್ನು ಬರೆದು ಕಳುಹಿಸುವಾಗ ಅನುಸರಿಸುವ ಅಕ್ಷರಕ್ರಮ, ಆ ಕ್ರಮವು ರೂಢಿಗಿಂತ ಭಿನ್ನವಾಗಿದ್ದಾಗ ಅದನ್ನು ನಿರ್ವಹಿಸುವ ಬಗೆ, ಇದೇ ಆ ವಿಷಯ. ಕನ್ನಡ ಪಂಡಿತನಿಗೆ ಇದರಲ್ಲೇನು ಕೆಲಸವೆಂದು ಓದುಗರು ಹುಬ್ಬೇರಿಸಬಹುದು. ಕೆಲಸವಿದೆಯೆಂದು ತೋರಿದ್ದರಿಂದಲೇ ಲೇಖನಿಯನ್ನು ಹಿಡಿದಿದ್ದೇನೆ.

ಈ ವಿದ್ಯೆಯನ್ನು ನನಗೆ ಹೇಳಿಕೊಟ್ಟವನು ನಮ್ಮ ಪ್ರಸಾದನಿಲಯದಲ್ಲಿದ್ದು ಓದಿದ ಒಬ್ಬ ಹಳೆಯ ವಿದ್ಯಾರ್ಥಿ. ಈಗ ಬೆಂಗಳೂರಿನಲ್ಲಿ ಇಂಜಿನಿಯರ್. ತನ್ನ ಹೆಸರು ಅಚ್ಚಾಗುವುದನ್ನು ಅವನು ಬಯಸುವುದಿಲ್ಲ. ಅವನ ತಂದೆಯವರು ಇದೇ ಶಾಲೆಯಲ್ಲಿ ಜವಾನರಾಗಿದ್ದರು. ನಿವೃತ್ತರಾಗುವವರೆಗೂ ಹುಣಸೆಮರಕ್ಕೆ ತೂಗುಹಾಕಿದ್ದ ರೈಲುಕಂಬಿಯ ತುಂಡನ್ನು ಬಾರಿಸಿ ನಮ್ಮೆಲ್ಲರ ಹಗಲನ್ನು ಭಾಗಮಾಡಿಕೊಟ್ಟವರು ಅವರು. ಅವರು ಲಿಂಗೈಕ್ಯರಾದ ಮೇಲೆ, ಅವರ ನೆನಪಿಗಾಗಿ ಮಗನು ತನ್ನ ಸಂಬಳದ ಹಣದಿಂದ ಗಂಟೆಯ ಪೆಟ್ಟಿಗೆಯೊಂದನ್ನು ತಾನೇ ಕಟ್ಟಿ ಶಾಲೆಗೆ ತಂದನು. ಅದರೊಳಗೆ ಅಂಗೈಯಗಲದ ಗಣಕ, ಕಾಲವನ್ನು ಎಣಿಸುವ ಡಿಎಸ್ ೧೩೦೭ ಎಂಬ ಚಿಪ್, ಧ್ವನಿಯನ್ನು ಹೊರಡಿಸುವ ಡಬ್ಲ್ಯುಎಂ ೮೭೩೧ ಎಂಬ ಮತ್ತೊಂದು ಚಿಪ್. ಬೆಳಗ್ಗೆ ೫ ಗಂಟೆಗೆ ಪ್ರಾರ್ಥನೆಯ ನಾದ, ೧೦ ಗಂಟೆಗೆ ಶಾಲೆಯ ಗಂಟೆ, ಸಂಜೆ ೪ ಗಂಟೆಗೆ ಬಿಡುಗಡೆಯ ದೀರ್ಘ ಗಂಟೆ, ಇವು ತಾವಾಗಿಯೇ ಧ್ವನಿವರ್ಧಕದಲ್ಲಿ ಮೊಳಗಬೇಕೆಂಬುದು ಏರ್ಪಾಡು. ಈ ಎರಡು ಚಿಪ್‌ಗಳಿಗೂ ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಸಿದ್ಧವಾದ ಬರಹಗಳು ಇದ್ದೇ ಇವೆಯಂತೆ. ಆದರೆ ತಂದೆಯ ಹೆಸರಿನ ಪೆಟ್ಟಿಗೆಯಲ್ಲಿ ಇರುವುದೆಲ್ಲ ತನ್ನ ಕೈಬರಹವೇ ಆಗಿರಬೇಕೆಂದು ಅವನ ಹಟ.

ಅರ್ಪಣೆಯ ಮುನ್ನಾದಿನ ಪೆಟ್ಟಿಗೆ ಬಾಯಿ ಬಿಡಲಿಲ್ಲ.

ಏಕೆ ಬಿಡಲಿಲ್ಲವೆಂಬುದನ್ನು ತಿಳಿಯಬೇಕಾದರೆ ಕೆಲವು ಮಾತುಗಳನ್ನು ಬಿಡಿಸಿ ಹೇಳಬೇಕು. ಇಂಥ ಪ್ರತಿಯೊಂದು ಚಿಪ್‌ನೊಳಗೂ ರಿಜಿಸ್ಟರ್ ಎಂಬ ಹೆಸರಿನ ಪುಟ್ಟ ಮನೆಗಳಿರುತ್ತವೆ. ಒಂದು ಮನೆಯಲ್ಲಿ ಧ್ವನಿಯ ಏರಿಳಿತ, ಇನ್ನೊಂದರಲ್ಲಿ ಮೌನದ ಕೀಲಿ, ಹೀಗೆ ಒಂದೊಂದಕ್ಕೂ ಒಂದೊಂದು ಅಧಿಕಾರ. ಗಣಕವು ಚಿಪ್‌ನಿಂದ ಏನನ್ನಾದರೂ ಮಾಡಿಸಬೇಕಾದರೆ ಇಂಥ ಸಂಖ್ಯೆಯ ಮನೆಗೆ ಇಂಥ ಬೆಲೆಯನ್ನು ಇಡು ಎಂದು ಬರೆದು ಕಳುಹಿಸಬೇಕು. ಈ ಬರಹದ ಲಿಪಿಯಲ್ಲಿ ಸೊನ್ನೆ, ಒಂದು ಎಂಬ ಎರಡೇ ಅಕ್ಷರ. ಒಂದು ಸ್ಥಾನಕ್ಕೆ ಬಿಟ್ ಎಂದೂ ಎಂಟು ಸ್ಥಾನಗಳಿಗೆ ಬೈಟ್ ಎಂದೂ ಹೆಸರು. ಗಣಕಕ್ಕೂ ಚಿಪ್‌ಗೂ ನಡುವೆ ನಿಂತು ಈ ಓಲೆಗಳನ್ನು ಬರೆಯುವ ದುಭಾಷಿಯೇ ಡ್ರೈವರ್.

ರೂಢಿಯ ಕ್ರಮದಲ್ಲಿ ಮನೆಯ ಸಂಖ್ಯೆಗೆ ಒಂದು ಬೈಟ್, ಬೆಲೆಗೆ ಒಂದು ಬೈಟ್. ಎಂಟು ಮತ್ತು ಎಂಟು. ನಮ್ಮ ಧ್ವನಿಯ ಚಿಪ್ ಈ ರೂಢಿಯದಲ್ಲ. ಅದರ ಓಲೆಯೂ ಹದಿನಾರು ಬಿಟ್‌ಗಳದೇ. ಆದರೆ ಮೊದಲ ಏಳು ಮನೆಯ ಸಂಖ್ಯೆಗೆ, ಉಳಿದ ಒಂಬತ್ತು ಬೆಲೆಗೆ. ಈ ವಿಭಾಗವನ್ನು ಹುಚ್ಚಾಟವೆನ್ನಲಾಗದು. ಅದರ ಧ್ವನಿಯ ಮನೆಯನ್ನು ನೋಡಿದರೆ, ಧ್ವನಿಯ ಪ್ರಮಾಣಕ್ಕೆ ಏಳು ಬಿಟ್, ಅಲೆಯು ಸೊನ್ನೆಯನ್ನು ದಾಟುವ ಕ್ಷಣದಲ್ಲಿಯೇ ಬದಲಾವಣೆಯಾಗಲಿ ಎಂಬುದಕ್ಕೆ ಒಂದು ಬಿಟ್, ಎಡಬಲಗಳೆರಡಕ್ಕೂ ಇದೇ ಬೆಲೆ ಸಲ್ಲಲಿ ಎಂಬುದಕ್ಕೆ ಮತ್ತೊಂದು, ಒಟ್ಟು ಒಂಬತ್ತು. ಮನೆಗಳಾದರೋ ಹತ್ತು ಹನ್ನೊಂದು ಮಾತ್ರ. ಅವುಗಳನ್ನು ಎಣಿಸಲು ಏಳು ಬಿಟ್‌ಗಳೇ ಧಾರಾಳ. ಸಂಖ್ಯೆಗೆ ಬೇಡವಾದ ಒಂದು ಸ್ಥಾನವನ್ನು ಬೇಕಾದ ಬೆಲೆಗೆ ಕೊಟ್ಟರು, ಅಷ್ಟೆ. ಇಕ್ಕಟ್ಟಿನಲ್ಲಿ ಸಂಸಾರ ಮಾಡುವ ಗೃಹಿಣಿಯರು ಇದನ್ನು ಬೇಗ ಒಪ್ಪುತ್ತಾರೆ.

ನಮ್ಮ ಹುಡುಗನು ಅವಸರದಲ್ಲಿ ರೂಢಿಯ ಎಂಟು-ಎಂಟರ ಕ್ರಮದಲ್ಲಿ ಡ್ರೈವರನ್ನು ಬರೆದಿದ್ದನು. ಮೌನವನ್ನು ಬಿಡಿಸುವ ಕೀಲಿ ಇರುವುದು ಐದನೆಯ ಮನೆಯಲ್ಲಿ. ಐದನೆಯ ಮನೆಗೆ ಸೊನ್ನೆ ಎಂದು ಓಲೆ ಹೋಯಿತು. ಮೊದಲ ಬೈಟ್ ೦೦೦೦೦೧೦೧. ಚಿಪ್ ತನ್ನ ಪದ್ಧತಿಯಂತೆ ಮೊದಲ ಏಳನ್ನು ಮಾತ್ರ ಮನೆಯ ಸಂಖ್ಯೆಯೆಂದು ಓದಿತು. ೦೦೦೦೦೧೦ ಎಂದರೆ ಎರಡು. ಉಳಿದ ಒಂದನ್ನು ಬೆಲೆಯ ಒಂಬತ್ತನೆಯ ಬಿಟ್ ಎಂದು ತಿಳಿಯಿತು. ಎರಡನೆಯ ಮನೆ ಎಡಗಿವಿಯ ಧ್ವನಿಪ್ರಮಾಣದ್ದು. ಒಂಬತ್ತನೆಯ ಬಿಟ್‌ನ ಅರ್ಥ, ಎಡಬಲಗಳೆರಡಕ್ಕೂ ಸಲ್ಲಲಿ ಎಂದು. ಹೀಗೆ 'ಬಾಯಿ ಬಿಡು' ಎಂದು ಬರೆದ ಓಲೆಯನ್ನು ಅದು 'ಎರಡು ಕಡೆಯೂ ಧ್ವನಿಯನ್ನು ಸೊನ್ನೆಗೆ ಇಳಿಸು' ಎಂದು ಓದಿ ವಿನಯದಿಂದ ಪಾಲಿಸಿತು. ಓಲೆ ತಲುಪಿತೆಂಬ ಒಪ್ಪಿಗೆಯನ್ನೂ ಕಳುಹಿಸಿತು. ಈ ಚಿಪ್‌ನ ಮನೆಗಳಿಗೆ ಬರೆಯಬಹುದೇ ಹೊರತು ಅಲ್ಲಿ ಏನಿದೆಯೆಂದು ಮರಳಿ ಓದುವಂತಿಲ್ಲ. ಆದ್ದರಿಂದ ತಪ್ಪು ನಡೆದಿದೆಯೆಂದು ಹೇಳುವವರೇ ಯಾರೂ ಇರಲಿಲ್ಲ.

ಆ ರಾತ್ರಿ ಅವನು ಉಪಾಯವನ್ನು ಕಂಡುಕೊಂಡನು. ಮನೆಯ ಸಂಖ್ಯೆಯನ್ನು ಇಮ್ಮಡಿಸಿ ಬರೆದರೆ ಅದು ಒಂದು ಸ್ಥಾನ ಎಡಕ್ಕೆ ಸರಿಯುತ್ತದೆ. ಐದಕ್ಕೆ ಬದಲು ಹತ್ತು. ಡ್ರೈವರ್‌ನಲ್ಲಿ ಎಲ್ಲೆಲ್ಲಿ ಮನೆಯ ಸಂಖ್ಯೆಯಿತ್ತೋ ಅಲ್ಲೆಲ್ಲ ಕೈಯಿಂದಲೇ ಇಮ್ಮಡಿಸಿದನು. ಮರುದಿನ ಬೆಳಗಿನ ಪ್ರಾರ್ಥನೆ ಇಂಪಾಗಿ ಕೇಳಿಬಂತು. ದಾನಿಗಳು ಬಂದರು, ಹಾರ ತುರಾಯಿಗಳಾದವು. ೧೦ ಗಂಟೆಗೆ ಸರಿಯಾಗಿ ಶಾಲೆಯ ಗಂಟೆಯ ಬದಲು ಬಿಡುಗಡೆಯ ದೀರ್ಘ ಗಂಟೆ ಮೊಳಗಿತು! ಕೆಳಗಿನ ತರಗತಿಗಳ ಮಕ್ಕಳು ಚೀಲವನ್ನು ಹೆಗಲಿಗೇರಿಸಿ ಹೊರಟೇಬಿಟ್ಟರು.

ಇದು ಕಾಲದ ಚಿಪ್‌ನ ಲಿಪಿಯನ್ನು ತಿಳಿಯದೆ ಓದಿದ್ದರ ಫಲ. ಆ ಚಿಪ್ ಹತ್ತರ ಸ್ಥಾನವನ್ನೂ ಬಿಡಿಯ ಸ್ಥಾನವನ್ನೂ ಬೇರೆಬೇರೆಯಾಗಿ ನಾಲ್ಕು ನಾಲ್ಕು ಬಿಟ್‌ಗಳಲ್ಲಿ ಬರೆದಿಡುತ್ತದೆ. ಹತ್ತು ಎಂಬುದು ಅಲ್ಲಿ ೦೦೦೧ ೦೦೦೦. ಇದನ್ನೇ ಗಣಕದ ಸಾಮಾನ್ಯ ಲೆಕ್ಕದಲ್ಲಿ ಒಟ್ಟಾಗಿ ಓದಿದರೆ ಹದಿನಾರು. ಎಂದರೆ ಸಂಜೆಯ ೪ ಗಂಟೆ. ಸೊನ್ನೆಯಿಂದ ಒಂಬತ್ತರವರೆಗೆ ಎರಡು ಲಿಪಿಗಳೂ ಒಂದೇ. ಬೆಳಗಿನ ಐದಕ್ಕೆ ಎಲ್ಲವೂ ಸರಿಯಾಗಿದ್ದುದು ಆ ಕಾರಣದಿಂದ. ಅದೇ ಚಿಪ್‌ನಲ್ಲಿ ಸೆಕೆಂಡಿನ ಮನೆಯ ಮೊದಲ ಬಿಟ್ ಕಾಲಕ್ಕೆ ಸಂಬಂಧಿಸಿದ್ದೇ ಅಲ್ಲ, ಅದು ಗಡಿಯಾರವನ್ನು ನಿಲ್ಲಿಸುವ ಕೀಲಿ. ಗಂಟೆಯ ಮನೆಯಲ್ಲಿ ಒಂದು ಬಿಟ್ ಇದೆ. ಹನ್ನೆರಡು ಗಂಟೆಯ ಪದ್ಧತಿಯಲ್ಲಿ ಅದು ಪೂರ್ವಾಹ್ನವೋ ಅಪರಾಹ್ನವೋ ಎಂಬುದನ್ನು ಹೇಳುತ್ತದೆ. ಇಪ್ಪತ್ತನಾಲ್ಕರ ಪದ್ಧತಿಯಲ್ಲಿ ಅದೇ ಬಿಟ್ ಹತ್ತರ ಸ್ಥಾನದ ಭಾಗವಾಗುತ್ತದೆ. ನಾವು ಶ್ಲೇಷೆ ಎನ್ನುತ್ತೇವಲ್ಲ, ಅಂಥದು. ಸಂದರ್ಭವನ್ನು ಹೇಳುವ ಬಿಟ್ ಪಕ್ಕದಲ್ಲಿಯೇ ಇರುತ್ತದೆ. ಮೊದಲು ಅದನ್ನು ನೋಡಿಕೊಂಡು ಆಮೇಲೆ ಅರ್ಥಮಾಡಬೇಕು.

ಅಂದು ಮಧ್ಯಾಹ್ನ ದಾಸೋಹದ ಪಂಕ್ತಿಯಲ್ಲಿ ಸಮಿತಿಯ ಹಿರಿಯರೊಬ್ಬರು, ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟು ಕಂಬಿಯನ್ನೇ ಬಾರಿಸುವುದು ಲೇಸು ಎಂದರು. ಇನ್ನೊಬ್ಬರು, ಬೇರೆ ಕಡೆಗಳಲ್ಲಿ ನಡೆಯುವಂಥ ಮಾಮೂಲು ಯಂತ್ರವನ್ನೇ ಕೊಳ್ಳೋಣ, ಈ ವಿಚಿತ್ರ ಲೆಕ್ಕದ್ದು ನಮಗೇಕೆ ಎಂದರು. ಅವರ ಮಾತಿನಲ್ಲಿ ದುರುದ್ದೇಶವಿರಲಿಲ್ಲ. ಪರೀಕ್ಷೆಯ ದಿನಗಳು ಹತ್ತಿರವಿದ್ದವು. ತಪ್ಪು ಹೊತ್ತಿಗೆ ಬಾರಿಸುವ ಗಂಟೆಯನ್ನು ನಂಬುವುದು ಹೇಗೆ? ಆದರೆ ಪಂಕ್ತಿಯ ಕೊನೆಯಲ್ಲಿ ಬಡಿಸುತ್ತಿದ್ದ ಆ ಹುಡುಗನ ಮುಖವನ್ನು ನಾನು ನೋಡಿದೆ. ಶ್ರೀಗಳವರ ಸನ್ನಿಧಿಯಲ್ಲಿ ಬಿನ್ನವಿಸಿಕೊಂಡು ಮೂರು ದಿನಗಳ ಅವಕಾಶವನ್ನು ಪಡೆದೆ. ಆ ಮೂರು ದಿನ ಅವನು ನನ್ನ ಕೊಠಡಿಯಲ್ಲಿಯೇ ಇದ್ದನು. ಕರಿಹಲಗೆಯ ಮೇಲೆ ಅವನು ಬರೆದು ತೋರಿಸಿದ್ದೇ ನನ್ನ ಈ ಎಲ್ಲ ತಿಳಿವಳಿಕೆಯ ಮೂಲ.

"ಗುರುಗಳೇ, ಸಂಖ್ಯೆಗಳನ್ನೆಲ್ಲ ಇಮ್ಮಡಿಸಿ ಆಯಿತು. ಇನ್ನು ಬೆಲೆಯಲ್ಲಿ ಒಂಬತ್ತನೆಯ ಬಿಟ್ ಬಂದ ಕಡೆಯೆಲ್ಲ ಸಂಖ್ಯೆಗೆ ಒಂದು ಕೂಡಿಸಿದರೆ ಸರಿಹೋಗುತ್ತದೆ" ಎಂದನು.

"ಎಷ್ಟು ಕಡೆ ಕೂಡಿಸುತ್ತೀಯಪ್ಪ?" ಎಂದೆ.

ಎಣಿಸಿ ನೋಡಿದನು. ನಲವತ್ತಕ್ಕೂ ಹೆಚ್ಚು ಕಡೆ. ಅವುಗಳಲ್ಲಿ ಒಂದನ್ನು ಮರೆತರೆ? ನಾಳೆ ಬೇರೊಬ್ಬರು ತಿದ್ದುವಾಗ ಹತ್ತನ್ನು ಹತ್ತೆಂದೇ ತಿಳಿದರೆ? ನಾನು ಕಲಿತ ವ್ಯಾಕರಣದಲ್ಲಿ ಉತ್ಸರ್ಗ, ಅಪವಾದ ಎಂಬ ವಿಭಾಗವಿದೆ. ಎಲ್ಲಕ್ಕೂ ಸಲ್ಲುವ ವಿಧಿ ಉತ್ಸರ್ಗ. ಕೆಲವಕ್ಕೆ ಮಾತ್ರ ಸಲ್ಲುವುದು ಅಪವಾದ. ಹದಿಮೂರನೆಯ ಶತಮಾನದ ಕೇಶಿರಾಜನಾಗಲಿ ಅವನಿಗೆ ದಾರಿ ತೋರಿದ ಸಂಸ್ಕೃತ ವೈಯಾಕರಣರಾಗಲಿ ಒಂದು ಅಪವಾದವನ್ನು ಪ್ರಯೋಗವಾದ ಕಡೆಯಲ್ಲೆಲ್ಲ ಮತ್ತೆ ಮತ್ತೆ ಹೇಳುತ್ತ ಹೋಗುವುದಿಲ್ಲ. ಒಂದು ಸೂತ್ರದಲ್ಲಿ ಹೇಳಿ ಮುಗಿಸುತ್ತಾರೆ. ಉಳಿದ ಶಾಸ್ತ್ರವು ತನ್ನ ದಾರಿಯಲ್ಲಿ ನಡೆಯುತ್ತದೆ. "ನಿಮ್ಮಲ್ಲಿ ಅಂಥ ಸೂತ್ರವಿಲ್ಲವೆ?" ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದೆ, ಗುರುಗಳೇ. ಕಚೇರಿಯಲ್ಲಿ ಅದನ್ನೇ ಬಳಸುತ್ತೇವೆ. ಈ ಪುಟ್ಟ ಪೆಟ್ಟಿಗೆಗೆ ಅದೇಕೆ ಎಂದುಕೊಂಡೆ" ಎಂದನು.

ಅದರ ಹೆಸರು ರೆಗ್‌ಮ್ಯಾಪ್. ಮಾರ್ಕ್ ಬ್ರೌನ್ ಎಂಬವರು ಬರೆದದ್ದು. ೨೦೧೧ರ ಅಕ್ಟೋಬರಿನಲ್ಲಿ ಹೊರಬಂದ ಲಿನಕ್ಸ್ ೩.೧ರಲ್ಲಿ ಮೊದಲಿಗೆ ಸೇರಿತು. ಅದಕ್ಕೆ ಮುಂಚೆ ಧ್ವನಿಯ ಚಿಪ್‌ಗಳ ಡ್ರೈವರ್‌ಗಳು ತಮ್ಮ ತಮ್ಮಲ್ಲೇ ಇಂಥ ಏರ್ಪಾಡೊಂದನ್ನು ಇಟ್ಟುಕೊಂಡಿದ್ದವು; ಅದನ್ನು ಎಲ್ಲ ಬಗೆಯ ಡ್ರೈವರ್‌ಗಳಿಗೂ ಒದಗುವಂತೆ ಹೊರಗೆ ತಂದು ಪ್ರತಿಷ್ಠಾಪಿಸಿದರು. ಡ್ರೈವರನ್ನು ಬರೆಯುವವನು ಮೊದಲಲ್ಲಿ ಒಂದು ಲಕ್ಷಣಪಟ್ಟಿಯನ್ನು ಕೊಡುತ್ತಾನೆ: ಸಂಖ್ಯೆಗೆ ಏಳು ಬಿಟ್, ಬೆಲೆಗೆ ಒಂಬತ್ತು ಬಿಟ್. ಅಷ್ಟೇ. ಆಮೇಲೆ ಐದನೆಯ ಮನೆಯನ್ನು ಐದೆಂದೇ ಬರೆಯುತ್ತಾನೆ. ಸರಿಸುವುದು, ಸೇರಿಸುವುದು, ಬೈಟ್‌ಗಳಾಗಿ ಒಡೆಯುವುದು ಎಲ್ಲವನ್ನೂ ಆ ನಡುವಣ ಪದರವೇ ನೋಡಿಕೊಳ್ಳುತ್ತದೆ. ಏಳು-ಒಂಬತ್ತಲ್ಲದೆ ಎರಡು-ಆರು, ನಾಲ್ಕು-ಹನ್ನೆರಡು, ಹತ್ತು-ಹದಿನಾಲ್ಕು ಮುಂತಾದ ವಿಭಾಗಗಳೂ ಅದರ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿ ಇಲ್ಲದ ಹೊಸ ವಿಭಾಗವುಳ್ಳ ಚಿಪ್ ಬಂದರೆ ಕೆಲವೇ ಸಾಲುಗಳ ಹೊಸ ಸೂತ್ರವನ್ನು ಸೇರಿಸುತ್ತಾರೆ. ಯಾವ ವಿಭಾಗಕ್ಕೂ ಒಗ್ಗದ ಚಿಪ್ ಆದರೆ, ಓದುವ ಬರೆಯುವ ಕ್ರಿಯೆಗಳನ್ನೇ ಡ್ರೈವರ್ ತಾನಾಗಿ ಒದಗಿಸಬಹುದು. ಇದು ನಮ್ಮ ನಿಪಾತನ. ಸೂತ್ರದಿಂದ ಸಾಧಿಸಲಾಗದ ರೂಪವನ್ನು ಇದ್ದಂತೆಯೇ ಎತ್ತಿಕೊಟ್ಟು, ಇದು ಹೀಗೆಯೇ ಸಾಧು ಎಂದು ಶಾಸ್ತ್ರಕಾರನು ಒಪ್ಪಿಬಿಡುವುದು.

ಆ ಪಟ್ಟಿಯನ್ನು ಅವನು ಹಲಗೆಯ ಮೇಲೆ ಬರೆಯುತ್ತಿದ್ದಾಗ ಒಂದು ಕಡೆ ನನ್ನ ಕಣ್ಣು ನಿಂತುಬಿಟ್ಟಿತು. ಹನ್ನೆರಡು-ಇಪ್ಪತ್ತು! ಕಂದಪದ್ಯದ ಮೊದಲ ಪಾದಕ್ಕೆ ನಾಲ್ಕು ಮಾತ್ರೆಯ ಮೂರು ಗಣ, ಎರಡನೆಯದಕ್ಕೆ ಐದು ಗಣ. ಹನ್ನೆರಡು ಮಾತ್ರೆ, ಇಪ್ಪತ್ತು ಮಾತ್ರೆ, ಪೂರ್ವಾರ್ಧಕ್ಕೆ ಮೂವತ್ತೆರಡು. ಅವರಲ್ಲಿಯೂ ನಾಲ್ಕು ಬಿಟ್‌ಗಳ ಗುಂಪಿಗೆ ನಿಬಲ್ ಎಂದು ಬೇರೆ ಹೆಸರೇ ಇದೆ. ಸಂಖ್ಯೆಗೆ ಮೂರು ನಿಬಲ್, ಬೆಲೆಗೆ ಐದು ನಿಬಲ್, ಒಟ್ಟು ಮೂವತ್ತೆರಡು ಬಿಟ್. ಬೈಟ್‌ಗಳಾಗಿ ಒಡೆದರೆ ನಾಲ್ಕಾಗುತ್ತವೆ. ಎರಡನೆಯ ಬೈಟ್‌ನ ಅರ್ಧ ಸಂಖ್ಯೆಗೆ, ಅರ್ಧ ಬೆಲೆಗೆ. ಕಂದವನ್ನು ಪ್ರಸ್ತಾರ ಹಾಕುವಾಗ ಪದವು ಗಣದ ಗಡಿಯನ್ನು ದಾಟಿ ನಿಲ್ಲುವುದನ್ನು ಕಂಡವರಿಗೆ ಇದು ಹೊಸದಲ್ಲ. ಪದದ ಗಡಿ ಬೇರೆ, ಗಣದ ಗಡಿ ಬೇರೆ ಎಂಬುದನ್ನು ಎಂಟನೆಯ ತರಗತಿಯ ಮಕ್ಕಳಿಗೆ ಪ್ರತಿವರ್ಷವೂ ಹೇಳುತ್ತೇನೆ.

ಇದನ್ನು ಕೇಳಿ ಯಾರೂ ಹಿಗ್ಗಬೇಕಾಗಿಲ್ಲ. ಹನ್ನೆರಡು-ಇಪ್ಪತ್ತು ಕೇವಲ ಕಾಕತಾಳೀಯ. ನಮ್ಮ ಪೂರ್ವಿಕರಿಗೆ ಇದೆಲ್ಲ ಮೊದಲೇ ತಿಳಿದಿತ್ತೆಂದು ವೇದಿಕೆಯ ಮೇಲೆ ಸಾರುವ ಅಭ್ಯಾಸ ನನಗಿಲ್ಲ. ಹೋಲಿಕೆಯೂ ಪೂರ್ಣವಾದುದಲ್ಲ. ಛಂದಸ್ಸಿನಲ್ಲಿ ಗುರುವಿಗೆ ಎರಡು ಮಾತ್ರೆಯ ಕಾಲ, ಲಘುವಿಗೆ ಒಂದು. ಬಿಟ್‌ನಲ್ಲಿ ಸೊನ್ನೆಗೂ ಒಂದಕ್ಕೂ ಒಂದೇ ಸ್ಥಾನ. ಆದರೂ, ಮೂವತ್ತೆರಡು ಬಿಟ್‌ಗಳ ಸಾಲನ್ನು ಕಂಡಾಗ ಎಲ್ಲಿ ಗೆರೆ ಎಳೆಯಬೇಕೆಂದು ಮೊದಲು ಕೇಳುವ ಬುದ್ಧಿಯನ್ನು ಆ ಹುಡುಗನಿಗೆ ಪ್ರಸ್ತಾರದ ಪಾಠ ಕೊಟ್ಟಿತ್ತೆಂದು ಅವನೇ ಹೇಳಿದನು. ಅದನ್ನು ನಾನು ಸಂತೋಷದಿಂದ ಸ್ವೀಕರಿಸಿದೆ.

ಇನ್ನು ಬರಹದ ದಿಕ್ಕಿನ ಪ್ರಶ್ನೆ. ಬೆಲೆಯು ಎರಡು ಬೈಟ್‌ಗಳಷ್ಟು ದೊಡ್ಡದಾದಾಗ ಹಿರಿಯ ಬೈಟ್ ಮೊದಲು ಹೋಗಬೇಕೋ, ಕಿರಿಯದೋ? ಇದರಲ್ಲಿ ಚಿಪ್ ತಯಾರಕರಿಗೆ ಏಕಮತವಿಲ್ಲ. ೧೯೮೦ರಲ್ಲಿ ಡ್ಯಾನಿ ಕೋಹೆನ್ ಎಂಬ ವಿದ್ವಾಂಸರು ಈ ಜಗಳಕ್ಕೆ ಜೊನಾಥನ್ ಸ್ವಿಫ್ಟನ 'ಗಲಿವರನ ಪ್ರವಾಸ'ದಿಂದ ಹೆಸರುಗಳನ್ನು ಆರಿಸಿಕೊಂಡರು. ಅಲ್ಲಿ ಎರಡು ಪಕ್ಷದವರು ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಯುದ್ಧ ಮಾಡುತ್ತಾರೆ. ಶ್ರೀಮಠದ ಸಂಚಿಕೆಯಲ್ಲಿ ಆ ಉಪಮೆಯನ್ನು ವಿಸ್ತರಿಸುವುದು ಉಚಿತವಲ್ಲ. ನಮ್ಮಲ್ಲಿಯೇ ಬೇರೆ ಉದಾಹರಣೆಗಳಿವೆ. ಶಾಸನಗಳಲ್ಲಿ ವರ್ಷವನ್ನು ಭೂತಸಂಖ್ಯೆಯಲ್ಲಿ ಹೇಳುವಾಗ ಬಿಡಿಯ ಸ್ಥಾನವೇ ಮೊದಲು; ಅಂಕಗಳು ಎಡಗಡೆಗೆ ನಡೆಯುತ್ತವೆ ಎಂಬುದು ಅಲ್ಲಿನ ನಿಯಮ. ವೇದ, ನೇತ್ರ, ಗಗನ, ಶಶಿ ಎಂದು ಕಟ್ಟಿದರೆ ಕ್ರಮವಾಗಿ ೪, ೨, ೦, ೧. ಎಡದಿಂದ ಓದುವವನಿಗೆ ೪೨೦೧, ತಿಳಿದವನಿಗೆ ೧೦೨೪. ಅರ್ಕಾವತ್ತನ್ನೇ ನೋಡಿರಿ. ಧರ್ಮ ಎಂಬಲ್ಲಿ ರಕಾರದ ಉಚ್ಚಾರಣೆ ಮೊದಲು, ಬರಹ ಆಮೇಲೆ. ಎರಡನೆಯ ತರಗತಿಯ ಮಗು ಇದನ್ನು ಓದುವಾಗ ಪ್ರತಿಸಲವೂ ಕ್ರಮವನ್ನು ತಿರುಗಿಸಿಕೊಳ್ಳುತ್ತದೆ. ತಾನು ತಿರುಗಿಸಿಕೊಂಡೆನೆಂಬುದು ಅದಕ್ಕೆ ತಿಳಿಯುವುದೂ ಇಲ್ಲ. ಬರೆದ ಕ್ರಮ ತಪ್ಪೆಂದು ಯಾವ ಉಪಾಧ್ಯಾಯರೂ ಹೇಳುವುದಿಲ್ಲ. ರೆಗ್‌ಮ್ಯಾಪ್‌ನಲ್ಲಿಯೂ ಹಿರಿದು ಮೊದಲೋ ಕಿರಿದು ಮೊದಲೋ ಎಂಬುದನ್ನು ಲಕ್ಷಣಪಟ್ಟಿಯಲ್ಲಿ ಒಮ್ಮೆ ಹೇಳಿದರೆ ಮುಗಿಯಿತು.

ಮರಳಿ ಓದಲಾಗದ ಮನೆಗಳ ಗತಿಯೇನು? ಈ ಭಾಗ ನನಗೆ ಬಹಳ ಹಿಡಿಸಿತು. ಚಿಪ್ ತನ್ನೊಳಗೆ ಏನಿದೆಯೆಂದು ಹೇಳದಿದ್ದರೆ, ಹೇಳಿ ಕಳುಹಿಸಿದ್ದನ್ನೆಲ್ಲ ದುಭಾಷಿಯೇ ಬರೆದಿಟ್ಟುಕೊಳ್ಳಬೇಕು. ಹಿಂದೆ ಮಠಗಳಲ್ಲಿ ಕಡತಗಳಿರುತ್ತಿದ್ದವು. ಹುಣಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಕೊಟ್ಟದ್ದು ತಂದದ್ದನ್ನೆಲ್ಲ ಬರೆದಿಡುತ್ತಿದ್ದರು. ಡ್ರೈವರ್‌ನ ಕಡತವೂ ಹಾಗೆಯೇ. ಧ್ವನಿಯ ಪ್ರಮಾಣವೆಷ್ಟು ಎಂದು ಕೇಳಿದರೆ ಚಿಪ್‌ನ ಬಳಿಗೆ ಹೋಗದೆ ಕಡತವನ್ನು ನೋಡಿ ಹೇಳುತ್ತದೆ. ಗಣಕವು ನಿದ್ರಾವಸ್ಥೆಗೆ ಹೋಗಿ ಚಿಪ್‌ನ ವಿದ್ಯುತ್ತು ನಿಂತರೆ ಅದರ ಮನೆಗಳೆಲ್ಲ ಹುಟ್ಟಿದಾಗಿನ ಸ್ಥಿತಿಗೆ ಮರಳುತ್ತವೆ. ಧ್ವನಿಯ ಚಿಪ್‌ಗೆ ಹುಟ್ಟುಸ್ಥಿತಿ ಮೌನ. ಎಚ್ಚರವಾದ ಮೇಲೆ ಕಡತವನ್ನು ಬಿಚ್ಚಿ ಒಂದೊಂದು ಮನೆಗೂ ಅದರದರ ಬೆಲೆಯನ್ನು ಮರಳಿ ತುಂಬುತ್ತಾರೆ. ಆದರೆ ಕಾಲದ ಚಿಪ್‌ಗೆ ಈ ಉಪಚಾರ ಸಲ್ಲದು. ಗಂಟೆ ನಿಮಿಷಗಳ ಮನೆಗಳು ತಾವಾಗಿಯೇ ಬದಲಾಗುವಂಥವು. ಅವುಗಳನ್ನು ಕಡತದಿಂದ ಓದಿದರೆ ನಿಂತ ಗಡಿಯಾರವನ್ನು ನೋಡಿದಂತೆ. ಇಂಥವನ್ನು ಪ್ರತಿಸಲವೂ ಹೋಗಿ ಕೇಳಬೇಕೆಂದು ಪಟ್ಟಿಯಲ್ಲಿ ಗುರುತು ಮಾಡಬೇಕು. ಅದನ್ನೂ ಅವನು ಮಾಡಿದನು. ಹತ್ತರ ಸ್ಥಾನ ಬಿಡಿಯ ಸ್ಥಾನಗಳನ್ನು ಬಿಡಿಸಿ ಓದುವ ಕೆಲಸವನ್ನೂ ಒಂದೇ ಕಡೆಗೆ ಸೇರಿಸಿದನು.

ಮಾಮೂಲು ಯಂತ್ರವನ್ನೇ ಕೊಳ್ಳೋಣ ಎಂದ ಹಿರಿಯರ ಮಾತಿಗೆ ನನ್ನ ಉತ್ತರವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಎಲ್ಲ ಚಿಪ್‌ಗಳೂ ಎಂಟು-ಎಂಟರ ಕ್ರಮದಲ್ಲಿಯೇ ಇರಬೇಕೆಂದು ಬಯಸಬಹುದು. ಅದು ಎಲ್ಲ ಪದ್ಯವೂ ಒಂದೇ ಛಂದಸ್ಸಿನಲ್ಲಿರಲಿ ಎಂದಂತೆ. ಅಪರೂಪದ ರೂಪಕ್ಕೆ ಅದರದೇ ಕಾರಣವಿರುತ್ತದೆ. ಅದನ್ನು ತಿದ್ದಲು ಹೊರಡದೆ, ಅದರ ಲಕ್ಷಣವನ್ನು ಒಂದು ಕಡೆ ಸ್ಪಷ್ಟವಾಗಿ ಬರೆದಿಟ್ಟುಕೊಂಡರೆ ಉಳಿದ ಬರಹಕ್ಕೆ ತೊಂದರೆಯಾಗದು. ಹಿರಿಯರು ಇದನ್ನು ಕೇಳಿ ನಕ್ಕು, "ಪಂಡಿತರೇ, ನಿಮ್ಮ ಲಕ್ಷಣ ಇರಲಿ, ಹತ್ತಕ್ಕೆ ಹತ್ತು ಹೊಡೆಯುತ್ತದೆಯೋ?" ಎಂದರು. ಅದು ನ್ಯಾಯವಾದ ಪ್ರಶ್ನೆಯೇ. ನಾಲ್ಕನೆಯ ದಿನ ಅವರೇ ಬಂದು ಕೈಗಡಿಯಾರವನ್ನು ಹಿಡಿದು ಕಚ್ಚೇರಿಯ ಮುಂದೆ ನಿಂತರು. ಹತ್ತಕ್ಕೆ ಶಾಲೆಯ ಗಂಟೆಯಾಯಿತು. ನಾಲ್ಕಕ್ಕೆ ಬಿಡುಗಡೆಯಾಯಿತು. ಅವರು ಮತ್ತೊಂದು ವಾರವೂ ಬಂದು ನೋಡಿದರು. ಪರೀಕ್ಷೆಯ ದಿನಗಳಲ್ಲಿ ಪೆಟ್ಟಿಗೆಯನ್ನೇ ಬಳಸಲು ಒಪ್ಪಿದರು.

ವಿದ್ಯುತ್ತು ಹೋದ ದಿನ ಕಂಬಿಯನ್ನು ಬಾರಿಸುವ ಪದ್ಧತಿ ಹಾಗೆಯೇ ಇದೆ. ಆಗ ಕಾಲದ ಚಿಪ್ ತನ್ನ ಪುಟ್ಟ ಬ್ಯಾಟರಿಯ ಬಲದಿಂದ ಎಣಿಕೆಯನ್ನು ಬಿಡದೆ ನಡೆಸುತ್ತಿರುತ್ತದೆ. ದೀಪ ಮರಳಿ ಬಂದಾಗ ಯಾರೂ ಹೊತ್ತನ್ನು ತಿದ್ದಬೇಕಾಗುವುದಿಲ್ಲ. ಮುಂದೆ ಪೆಟ್ಟಿಗೆಯನ್ನು ಬಿಚ್ಚಿ ತಿದ್ದುವವರಿಗಾಗಿ ಅವನು ಮುಚ್ಚಳದ ಒಳಮೈಗೆ ಒಂದು ಕಾಗದವನ್ನು ಅಂಟಿಸಿ ಹೋಗಿದ್ದಾನೆ. ಅದರ ಮೇಲೆ ಕನ್ನಡ ಅಂಕಿಗಳಲ್ಲಿ, ಧ್ವನಿಗೆ ೭ ಮತ್ತು ೯, ಕಾಲಕ್ಕೆ ೪ ಮತ್ತು ೪ ಎಂದು ಬರೆದಿದೆ. ಕೆಳಗೆ ಅವನ ತಂದೆಯವರ ಹೆಸರಿದೆ.